ಟೊರಿನೊದಲ್ಲಿ ಶನಿವಾರ ಬಿಡುವಿದ್ದರೆ

ಇಟಲಿಯ ಈ ಊರಿಗೆ ಹೊಸದಾಗಿ ಬಂದವರು ಒಂದು ಶನಿವಾರ ಬೇರೆ ಕೆಲಸ ಇಟ್ಟುಕೊಳ್ಳದೆ ಪೋರ್ತಾ ಪಲಾತ್ಸೊ ಸಂತೆಗೆ ಹೋಗಿ. ವಾರದ ಉಳಿದ ದಿನ ಮಧ್ಯಾಹ್ನಕ್ಕೇ ಅಂಗಡಿ ಎತ್ತುತ್ತಾರೆ, ಭಾನುವಾರ ರಜೆ.

ತರಕಾರಿಗೆ ಮೊದಲು ರೈತರ ಚಾವಣಿಯಡಿ ನೋಡಿ. ಸುತ್ತಲಿನ ಹಳ್ಳಿಯವರು ತಾವೇ ಬೆಳೆದದ್ದನ್ನು ತಂದಿರುತ್ತಾರೆ. ನಮ್ಮೂರಿನಂತೆ ಟೊಮೆಟೊ ಹಿಚುಕಿ ಆರಿಸಲು ಹೋದರೆ ಬೈಸಿಕೊಳ್ಳುತ್ತೀರಿ. ಬೆರಳು ತೋರಿಸಿ, ಅವರೇ ಆರಿಸಿ ಕೊಡುತ್ತಾರೆ. ಆಲಿವ್, ಚೀಸ್ ಸ್ವಲ್ಪವೇ ಬೇಕಿದ್ದರೆ ‘ಉನ್ ಎತ್ತೊ’ ಎನ್ನಿ, 100 ಗ್ರಾಂ ತೂಗುತ್ತಾರೆ. ಸಸ್ಯಾಹಾರಿಗಳೇ, ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಹಾಲು ಹೆಪ್ಪುಗಟ್ಟಲು ಕರುವಿನ ಜಠರದಿಂದ ತೆಗೆದ ರೆನೆಟ್ ಹಾಕುತ್ತಾರೆ, ನೆನಪಿರಲಿ. ಹಸಿವಾದರೆ ಫರಿನಾತಾ ಹುಡುಕಿ: ಕಾಬೂಲಿ ಕಡಲೆಯ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ಅಗಲವಾದ ತಟ್ಟೆಯಲ್ಲಿ ಒಲೆಯೊಳಗೆ ಬೆಂದು ಅಂಚು ಗರಿಗರಿಯಾಗಿರುತ್ತದೆ, ಒಳಗೆ ಮೆತ್ತಗೆ. ಮೇಲೆ ಕಾಳುಮೆಣಸಿನ ಪುಡಿ ಕೇಳಿ ಹಾಕಿಸಿಕೊಳ್ಳಿ.

ಪಕ್ಕದ ಬೊರ್ಗೊ ದೋರಾದಲ್ಲಿ ಶನಿವಾರವೇ ಬಲೋನ್ ಎಂಬ ಹಳೆ ಸಾಮಾನಿನ ಸಂತೆಯೂ ಇದೆ. ಆಮೇಲೆ ಕನ್ಸೊಲಾತಾ ಚರ್ಚಿನೆದುರಿನ 1763ರ ಕೆಫೆಯಲ್ಲಿ ಬಿಚೆರಿನ್: ಕಾಫಿ, ಚಾಕೊಲೇಟ್, ಕೆನೆ ಪದರ ಪದರವಾಗಿರುತ್ತವೆ, ಕಲಕದೆ ಕುಡಿಯಬೇಕು. ನನ್ನ ಮಟ್ಟಿಗೆ ಅದು ಒಮ್ಮೆ ಸಾಕು. ದಿನದ ಎಸ್ಪ್ರೆಸ್ಸೊವನ್ನು ಯಾವುದಾದರೂ ಬಾರಿನ (ಇಲ್ಲಿ ಕಾಫಿ ಅಂಗಡಿಗೂ ಬಾರ್ ಎನ್ನುತ್ತಾರೆ) ಕೌಂಟರ್ ಬಳಿ ನಿಂತೇ ಕುಡಿಯಿರಿ. ಕುರ್ಚಿಯಲ್ಲಿ ಕೂತರೆ ಹಲವೆಡೆ ಬೆಲೆ ಹೆಚ್ಚು.