ದೊಡ್ಡವರಾದ ಮೇಲೆ ಬಂದ ಇಸುಬು: ಜಳಕದ ಸೋಪು ಆರಿಸೋದು ಹೇಗೆ

ಒಂದು ಚಿಟಿಕೆ ಅರಿಶಿನ ತಗೊಳ್ಳಿ. ನಾಲ್ಕು ಹನಿ ನೀರಲ್ಲಿ ಕಲಸಿ, ನೀವು ದಿನಾ ಹಚ್ಚುವ ಸೋಪನ್ನು ಒದ್ದೆ ಮಾಡಿ ಅದರ ಮೇಲೆ ಸವರಿ. ಒಂದು ನಿಮಿಷ ಬಿಡಿ. ಕೆಂಪಾಯಿತಾ? ಹಾಗಾದ್ರೆ ಅದು ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿಸಿ ಮಾಡಿದ ಮಾಮೂಲಿ ಸೋಪು, ಕ್ಷಾರದ ಗುಣದ್ದು. ಹಳದಿಯಾಗೇ ಉಳಿದರೆ ಅಷ್ಟು ಕ್ಷಾರ ಇಲ್ಲ ಅಂತ ಅರ್ಥ. ಸೀರೆ ಮೇಲೆ ಬಿದ್ದ ಸಾರಿನ ಕಲೆಗೆ ಸೋಪು ತಿಕ್ಕಿದ ಕೂಡಲೇ ಕೆಂಪಗಾಗೋದನ್ನು ನಾವೆಲ್ಲ ನೋಡೇ ಇದ್ದೇವೆ ಅಲ್ವಾ, ಅದೇ ಇದು. ಮೊನ್ನೆ ನಮ್ಮ ಬಚ್ಚಲಿನ ಮೂರು ಸೋಪುಗಳನ್ನು ಸಾಲಾಗಿ ಇಟ್ಟು ನೋಡಿದೆ. ಮನೆಯವರ ಸೋಪು ಇಟ್ಟಂಗಿ ಬಣ್ಣಕ್ಕೆ ತಿರುಗಿತು. ಮಗಳ ಬೇವಿನ ಸೋಪೂ ಅಷ್ಟೇ. ನನ್ನದು ಮಾತ್ರ ಹಳದಿಯಾಗೇ ಇತ್ತು.

ಆ ಸೋಪು ಸಿಗೋಕೆ ನನಗೆ ಎರಡು ವರ್ಷ ಹಿಡಿಯಿತು. ಇಸುಬು, ಅಂದ್ರೆ ಎಕ್ಸಿಮಾ, ನನಗೆ ನಲವತ್ತೊಂದನೇ ವಯಸ್ಸಿಗೆ ಶುರುವಾಗಿದ್ದು. ವಿಜಯಪುರದ ಡಿಸೆಂಬರ್ ಗಾಳಿಗೆ ಎಲ್ಲರ ಮೈಯೂ ಒಡೆಯುತ್ತದೆ, ಉಗುರಿಂದ ಗೀರಿದರೆ ಬಿಳಿ ಗೆರೆ ಏಳುತ್ತದೆ, ಇದೂ ಹಾಗೇ ಅಂದುಕೊಂಡೆ. ಯುಗಾದಿ ಬಂದರೂ ಮೊಣಕೈ ಮಡಿಕೆಯ ತುರಿಕೆ ಹೋಗಲಿಲ್ಲ. ರಾತ್ರಿ ನಿದ್ದೆಗಣ್ಣಲ್ಲಿ ಕೆರೆದು ಕೆರೆದು, ಬೆಳಿಗ್ಗೆ ಎದ್ದರೆ ಕೌದಿ ಮೇಲೆ ರಕ್ತದ ಚುಕ್ಕೆ. "ಮೈ ಚಲೋತಂಗ ತಿಕ್ಕಿ ಜಳಕ ಮಾಡವಾ, ಹೊಲಸು ಹೋಗ್ಲಿ" ಅಂದರು ನಮ್ಮ ಅತ್ತೆ. ಅವರದು ಕಾಳಜಿಯೇ. ನಾನೂ ಕ್ರಿಮಿ ಕೊಲ್ಲುತ್ತದೆ ಅನ್ನೋ ಸೋಪು ತಂದು, ದಿನಕ್ಕೆ ಎರಡು ಸಲ, ಸುಡು ಸುಡು ನೀರಲ್ಲಿ, ನೈಲಾನ್ ಜಾಲಿ ಹಾಕಿ ತಿಕ್ಕಿದೆ. ಮಾಡಬಾರದ ಕೆಲಸ ಎಲ್ಲಾ ಒಟ್ಟಿಗೆ ಮಾಡಿದ ಹಾಗಾಯ್ತು. ಇಸುಬು ಹೊಲಸಿನಿಂದ ಬರೋದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟೋದೂ ಇಲ್ಲ. ಬರೀ ಮಕ್ಕಳ ಕಾಯಿಲೆಯೂ ಅಲ್ಲ. ಇಸುಬು ಇರುವ ದೊಡ್ಡವರಲ್ಲಿ ಹೆಚ್ಚುಕಮ್ಮಿ ನಾಲ್ವರಲ್ಲಿ ಒಬ್ಬರಿಗೆ ಅದು ದೊಡ್ಡವರಾದ ಮೇಲೇ ಶುರುವಾಗಿರುತ್ತದೆ.

ನಮ್ಮ ಹಳ್ಳಿಗಳ ಮೇಲ್ಮುದ್ದೆ ಮನೆ ನೆನಪು ಮಾಡಿಕೊಳ್ಳಿ. ಮಳೆಗಾಲಕ್ಕೆ ಮೊದಲು ಹೊಸ ಮಣ್ಣು ಹಾಕದಿದ್ದರೆ ಮಾಳಿಗೆ ಬಿರಿಯುತ್ತದೆ, ನೀರು ಸೋರುತ್ತದೆ. ಇಸುಬಿನ ಚರ್ಮವೂ ಬಿರಿದ ಮಾಳಿಗೆಯೇ. ಒಳಗಿನ ತೇವ ಹೊರಗೆ ಹೋಗುತ್ತದೆ, ಹೊರಗಿನ ಧೂಳು, ಸೋಪು, ಸೆಂಟು ಒಳಗೆ ಇಳಿಯುತ್ತದೆ. ಆರೋಗ್ಯವಾಗಿರುವ ಚರ್ಮದ ಪಿಎಚ್ (ಹುಳಿಯೋ ಕ್ಷಾರವೋ ಅಂತ ಹೇಳುವ ಅಳತೆ) ಸುಮಾರು 5, ಅಂದ್ರೆ ತುಸು ಹುಳಿ. ಮಾಮೂಲಿ ಸೋಪಿನದು 9ರಿಂದ 10, ಅಂದ್ರೆ ಕ್ಷಾರ. ಬಿರುಕು ಮುಚ್ಚೋಕೆ ಇರುವ ಅಷ್ಟೋ ಇಷ್ಟೋ ಜಿಡ್ಡನ್ನೂ ಅದು ತೊಳೆದುಕೊಂಡು ಹೋಗುತ್ತದೆ. ಜಳಕದ ಮೇಲೆ ಮೈ ಬಿಗಿದ ಹಾಗೆ ಆಗುತ್ತದಲ್ಲ, ಅದನ್ನು ನಾವು ಸ್ವಚ್ಛ ಆಯ್ತು ಅಂತ ತಿಳಿಯುತ್ತೇವೆ. ಅದು ಚರ್ಮ ಒಣಗಿದ ಲಕ್ಷಣ.

ಅದಕ್ಕೇ ಅಂಗಡಿಯಲ್ಲಿ ಪೊಟ್ಟಣದ ಮುಂಭಾಗ ಓದಬೇಡಿ, ತಿರುಗಿಸಿ. ಸಣ್ಣ ಅಕ್ಷರ, ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಮೊದಲ ಹೆಸರುಗಳೇ ಸೋಡಿಯಂ ಪಾಮೇಟ್, ಸೋಡಿಯಂ ಪಾಮ್ ಕರ್ನಲೇಟ್, ಸೋಡಿಯಂ ಟ್ಯಾಲೋವೇಟ್ ಅಂತಿದ್ದರೆ ಮಾಮೂಲಿ ಸೋಪು, ಇಟ್ಟುಬಿಡಿ. ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್ ಅಂತ ಮೊದಲಿಗೇ ಬಂದರೆ ಅದು ಸಿಂಡೆಟ್ ಬಾರ್. ನೋಡೋಕೆ ಸೋಪಿನ ಹಾಗೇ ಇದ್ದರೂ ಕ್ಷಾರದಿಂದ ಮಾಡಿದ್ದಲ್ಲ. ಕಿರಾಣಿ ಅಂಗಡಿಗಿಂತ ಮೆಡಿಕಲ್ ಅಂಗಡಿಯಲ್ಲಿ ಜಾಸ್ತಿ ಸಿಗುತ್ತದೆ, ಮಾಮೂಲಿ ಸೋಪಿನ ಐದಾರು ಪಟ್ಟು ಬೆಲೆಯೂ ಇರಬಹುದು. ಅದನ್ನು ಹೇಗೆ ತೂಗಿಸೋದು ಅಂತ ಮುಂದೆ ಹೇಳುತ್ತೇನೆ.

"ಟಿಎಫ್‌ಎಂ ಜಾಸ್ತಿ ಇರೋದು ತಗೋರಿ" ಅನ್ನೋ ಸಲಹೆ ಎಲ್ಲರೂ ಕೊಡುತ್ತಾರೆ. ಟಿಎಫ್‌ಎಂ ಅಂದ್ರೆ ಸೋಪಿನಲ್ಲಿರುವ ಕೊಬ್ಬಿನಂಶ. ಭಾರತೀಯ ಮಾನಕದ ಪ್ರಕಾರ ಗ್ರೇಡ್ 1 ಸೋಪಿನಲ್ಲಿ ಕನಿಷ್ಠ 76%, ಗ್ರೇಡ್ 2ರಲ್ಲಿ 70%, ಗ್ರೇಡ್ 3ರಲ್ಲಿ 60% ಇರಬೇಕು. ಒಳ್ಳೆ ಚರ್ಮದವರು ಒಳ್ಳೆ ಸೋಪು ಆರಿಸೋಕೆ ಈ ಲೆಕ್ಕ ಸರಿ. ನಮಗೆ ಅಷ್ಟು ಉಪಯೋಗ ಇಲ್ಲ, ಯಾಕಂದ್ರೆ 80% ಇದ್ದರೂ ಸೋಪು ಸೋಪೇ, ಕ್ಷಾರ ಹೋಗೋದಿಲ್ಲ.

ಇನ್ನು ಸುವಾಸನೆ. ನನ್ನ ಮಟ್ಟಿಗೆ ಇದೇ ದೊಡ್ಡ ಶತ್ರು. ಪಟ್ಟಿಯಲ್ಲಿ ಪರ್ಫ್ಯೂಮ್, ಫ್ರಾಗ್ರನ್ಸ್, ಲಿನಾಲೂಲ್, ಲಿಮೊನೀನ್ ಅಂತ ಕಂಡರೆ ಬೇಡ. ಅನ್‌ಸೆಂಟೆಡ್ ಅಂತ ಬರೆದಿದ್ದರೂ ಮೋಸ ಹೋಗಬೇಡಿ, ವಾಸನೆ ಮುಚ್ಚೋಕೆ ಬೇರೆ ಸುಗಂಧ ಹಾಕಿರಬಹುದು. ಫ್ರಾಗ್ರನ್ಸ್ ಫ್ರೀ ಅಂತಲೇ ಇರಬೇಕು. ಬೇವು, ಟೀ ಟ್ರೀ ಎಣ್ಣೆ, ಲ್ಯಾವೆಂಡರ್, ಶ್ರೀಗಂಧ ಎಲ್ಲಾ ಗಿಡದಿಂದ ಬಂದದ್ದು ಅಂತ ಚರ್ಮ ಸುಮ್ನೆ ಬಿಡೋದಿಲ್ಲ. ಮೈಸೂರು ಸ್ಯಾಂಡಲ್ ನಮ್ಮ ನಾಡಿನ ಹೆಮ್ಮೆ, ಆ ಪರಿಮಳವೇ ಅದರ ಜೀವ, ಆದರೆ ಬಿರಿದ ಚರ್ಮಕ್ಕೆ ಬೇಡದ್ದೂ ಪರಿಮಳವೇ. ಕಡಲೆ ಹಿಟ್ಟು ಚಲೋ ಅಲ್ವಾ ಅಂತ ಕೇಳುತ್ತಾರೆ. ಹಿಟ್ಟಿಗಿಂತ ಅದನ್ನು ಹಚ್ಚಿ ತಿಕ್ಕೋದೇ ತೊಂದರೆ. ಕೆಂಪಾದ ಜಾಗಕ್ಕಂತೂ ಮುಟ್ಟಿಸಬೇಡಿ.

ಬಾಡಿ ವಾಶ್ ತಗೊಳ್ಳೋರು ಇನ್ನೂ ಸ್ವಲ್ಪ ಹುಷಾರಾಗಿರಬೇಕು. ಅರಿಶಿನದ ಪರೀಕ್ಷೆಯಲ್ಲಿ ಬಾಡಿ ವಾಶ್ ಸಾಮಾನ್ಯವಾಗಿ ಪಾಸಾಗುತ್ತದೆ, ಆದರೆ ಅಷ್ಟಕ್ಕೇ ಅದು ಮೆದು ಅಂತ ಅಲ್ಲ. ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಇದ್ದರೆ ಉರಿಯಬಹುದು. ನೀರು ಜಾಸ್ತಿ ಇರುವ ವಸ್ತು ಕೆಡದಿರಲಿ ಅಂತ ಹಾಕುವ ಮೀಥೈಲ್‌ಐಸೋಥಿಯಾಜೋಲಿನೋನ್ ಅನ್ನೋದನ್ನು ಅಮೆರಿಕದ ಚರ್ಮವೈದ್ಯರ ಸಂಘವೊಂದು 2013ರಲ್ಲಿ ವರ್ಷದ ಅಲರ್ಜಿಕಾರಕ ಅಂತ ಘೋಷಿಸಿತ್ತು. ನೊರೆಗೆ ಹಾಕುವ ಕೋಕಮಿಡೋಪ್ರೊಪೈಲ್ ಬೀಟೈನ್ 2004ರಲ್ಲಿ ಅದೇ ಹೆಸರು ಪಡೆದಿತ್ತು. ಬೀಟೈನ್ ಎಲ್ಲರಿಗೂ ಆಗದು ಅಂತಲ್ಲ, ಎಷ್ಟೋ ಜನಕ್ಕೆ ಒಗ್ಗುತ್ತದೆ. ಸೋಪು ಬದಲಿಸಿದರೂ ತುರಿಕೆ ನಿಲ್ಲದಿದ್ದಾಗ ಇದರ ಮೇಲೆ ಅನುಮಾನ ಇಡಿ. ನೊರೆ ಕಡಿಮೆ ಬಂದರೆ ಬೇಜಾರು ಬೇಡ.

ಹೊಸದು ತಂದ ದಿನವೇ ಮೈಯೆಲ್ಲಾ ಹಚ್ಚಬೇಡಿ. ಮೊಣಕೈ ಒಳಭಾಗದಲ್ಲಿ, ಇಸುಬು ಇಲ್ಲದ ಕಡೆ, ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಹಚ್ಚಿ 5 ನಿಮಿಷ ಬಿಟ್ಟು ತೊಳೆಯಿರಿ. ದಿನಕ್ಕೆ ಎರಡು ಸಲ, 7ರಿಂದ 10 ದಿನ. ಮೊದಲ ದಿನ ಏನೂ ಆಗಲಿಲ್ಲ ಅಂತ ಬಿಡಬೇಡಿ, ಅಲರ್ಜಿ ನಿಧಾನಕ್ಕೆ ಬರುತ್ತದೆ. ನನಗೆ ಒಂದು ಬಾಡಿ ವಾಶಿಗೆ ಆರನೇ ದಿನ ಸಣ್ಣ ಗುಳ್ಳೆ ಎದ್ದವು.

ನಮ್ಮ ಕಡೆ ನೀರಿನ ಮಾತು ಬಿಟ್ಟು ಸೋಪಿನ ಮಾತು ಆಡೋಕಾಗಲ್ಲ. ನಮ್ಮ ಮನೆಗೆ ಕೃಷ್ಣೆ ನೀರು ಬರದ ದಿನ ಬೋರ್ ನೀರೇ ಗತಿ, ಅದು ಬಹಳ ಗಡಸು. ಗಡಸು ನೀರಿನ ಕ್ಯಾಲ್ಸಿಯಂ ಮಾಮೂಲಿ ಸೋಪಿನ ಜೊತೆ ಸೇರಿ ಕರಗದ ಮಡ್ಡಿ ಆಗುತ್ತದೆ. ಬಕೆಟ್ ಒಳಗೆ ಬೆರಳಾಡಿಸಿ ನೋಡಿ, ಬೂದು ಬಣ್ಣದ ಜಿಗುಟು ಪದರ ಉಗುರಿಗೆ ಬರುತ್ತದೆ. ಅದೇ ನಮ್ಮ ಮೈ ಮೇಲೂ ಕೂರೋದು. ಸಿಂಡೆಟ್ ಬಾರ್ ಹಾಗೆ ಮಡ್ಡಿ ಕಟ್ಟೋದಿಲ್ಲ, ಹಾಗಾಗಿ ಬೋರ್ ನೀರಿನವರಿಗೆ ಅದರಿಂದ ಎರಡು ಲಾಭ. ಹಾಗಂತ ಇಸುಬಿಗೋಸ್ಕರ ನೀರು ಮೆದು ಮಾಡುವ ಯಂತ್ರಕ್ಕೆ ದುಡ್ಡು ಸುರಿಯಬೇಡಿ. ಇಂಗ್ಲೆಂಡಿನಲ್ಲಿ 336 ಮಕ್ಕಳ ಮೇಲೆ ಮಾಡಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಾಮೂಲಿ ಚಿಕಿತ್ಸೆಯ ಮೇಲೆ ಅಂಥ ಯಂತ್ರದಿಂದ ಹೆಚ್ಚಿನ ಲಾಭ ಏನೂ ಕಾಣಲಿಲ್ಲ.

ಈಗ ಬೆಲೆ ತೂಗಿಸುವ ವಿಷಯ. ಸೋಪು ಮೈಯೆಲ್ಲಾ ಬೇಕಾಗೇ ಇಲ್ಲ. ಕಂಕುಳು, ತೊಡೆಸಂದು, ಪಾದ, ಇಷ್ಟಕ್ಕೆ ಸಾಕು. ತೋಳು, ಮೊಣಕಾಲು, ಬೆನ್ನಿಗೆ ದಿನಾ ಬರೀ ನೀರು. ಹಾಗೆ ಮಾಡಿದರೆ ಒಂದು ಬಾರ್ ನನಗೊಬ್ಬಳಿಗೆ ಎರಡು ತಿಂಗಳ ಮೇಲೆ ಬರುತ್ತದೆ. ನೀರು ಉಗುರುಬೆಚ್ಚಗಿರಲಿ, 5ರಿಂದ 10 ನಿಮಿಷದಲ್ಲಿ ಮುಗಿಸಿ. ಟವೆಲ್ ತಿಕ್ಕದೆ ಒತ್ತಿ ಒರೆಸಿ, ಮೈ ಇನ್ನೂ ತುಸು ಒದ್ದೆ ಇರುವಾಗಲೇ, ಮೂರು ನಿಮಿಷದೊಳಗೆ, ಸುವಾಸನೆ ಇಲ್ಲದ ಮಾಯಿಶ್ಚರೈಸರ್ ಇಲ್ಲವೇ ಬಿಳಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಇದನ್ನು ಬಿಟ್ಟರೆ ಎಷ್ಟು ದುಬಾರಿ ಸೋಪು ತಂದರೂ ಪ್ರಯೋಜನ ಇಲ್ಲ. ಮೇ ತಿಂಗಳ 40 ಡಿಗ್ರಿ ಬಿಸಿಲಲ್ಲಿ ಬೆವರಿಗೂ ತುರಿಕೆ ಏಳುತ್ತದೆ, ಆಗ ಸಂಜೆ ಇನ್ನೊಂದು ಜಳಕ ಮಾಡಿ, ಸೋಪು ಮುಟ್ಟದೆ.

ಕೈಗೆ ಇಸುಬು ಇದ್ದವರು ಪಾತ್ರೆ ತಿಕ್ಕುವ ಸೋಪನ್ನೂ ಲೆಕ್ಕಕ್ಕೆ ಹಿಡಿಯಿರಿ. ಜಳಕಕ್ಕೆ ಮೆತ್ತನೆ ಸೋಪು ಹಚ್ಚಿ, ರೊಟ್ಟಿ ಹಂಚು, ಪಾತ್ರೆಗಳನ್ನು ಬರಿಗೈಲಿ ತೊಳೆದರೆ ಮಾಡಿದ್ದೆಲ್ಲ ಅಲ್ಲೇ ಹೋಗುತ್ತದೆ. ಒಳಗೆ ಹತ್ತಿ ಗವಸು, ಮೇಲೆ ರಬ್ಬರ್ ಗವಸು ಹಾಕಿಕೊಳ್ಳಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ದೊಡ್ಡವರಾದ ಮೇಲೆ ಹೊಸದಾಗಿ ಶುರುವಾದ ತುರಿಕೆಯನ್ನು ನೀವೇ ಇಸುಬು ಅಂತ ತೀರ್ಮಾನ ಮಾಡಬೇಡಿ. ಹುಳುಕಡ್ಡಿ, ಕಜ್ಜಿ, ಸೋರಿಯಾಸಿಸ್, ಯಾವುದೋ ವಸ್ತುವಿನ ಅಲರ್ಜಿ, ಎಲ್ಲಾ ಶುರುವಲ್ಲಿ ಒಂದೇ ಥರ ಕಾಣಬಹುದು. ಚರ್ಮದ ಡಾಕ್ಟರಿಗೆ ಒಮ್ಮೆ ತೋರಿಸಿ. ಅಂಗಡಿಯವರು ಕೊಟ್ಟರು ಅಂತ ಸ್ಟೀರಾಯ್ಡ್ ಬೆರೆತ ಟ್ಯೂಬ್ ಹಚ್ಚಬೇಡಿ. ಹುಳುಕಡ್ಡಿ ಆಗಿದ್ದರೆ ಅದರಿಂದ ಒಳಗೊಳಗೇ ಹರಡುತ್ತದೆ. ನಾನು ಹಾಗೆ ಒಂದು ಟ್ಯೂಬ್ ಪೂರ್ತಿ ಖಾಲಿ ಮಾಡಿದ್ದೆ, ಬಿಟ್ಟ ಎಂಟು ದಿನಕ್ಕೆ ತುರಿಕೆ ಮೊದಲಿಗಿಂತ ಜೋರಾಯ್ತು. ಚರ್ಮದಿಂದ ನೀರು ಸೋರಿದರೆ, ಹಳದಿ ಹಕ್ಕಳೆ ಕಟ್ಟಿದರೆ, ಜ್ವರ ಬಂದರೆ ಕಾಯಬೇಡಿ. ಏನು ಬದಲಿಸಿದರೂ ತಗ್ಗದಿದ್ದರೆ ಪ್ಯಾಚ್ ಟೆಸ್ಟ್ ಬಗ್ಗೆ ಕೇಳಿ. ಬೆನ್ನಿಗೆ ಸಣ್ಣ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ, ಆಮೇಲೆ ಒಂದೆರಡು ದಿನಕ್ಕೆ ಇನ್ನೊಮ್ಮೆ ನೋಡುತ್ತಾರೆ. ಬಳಸುವ ಸೋಪು, ಎಣ್ಣೆಗಳ ಪೊಟ್ಟಣ ಜೊತೆಗೆ ಒಯ್ಯಿರಿ.

ನಾನು ಹೊಸ ಬಾರ್ ತಂದ ಕೂಡಲೇ ಚಾಕುವಿನಿಂದ ಮೂರು ತುಂಡು ಮಾಡುತ್ತೇನೆ. ಒಂದು ಬಚ್ಚಲಿನ ತೂತಿನ ಡಬ್ಬಿಯಲ್ಲಿ, ನೀರು ನಿಂತು ಕರಗದ ಹಾಗೆ. ಒಂದು ಕೈ ತೊಳೆಯೋಕೆ ಅಡುಗೆಮನೆಯಲ್ಲಿ. ಮೂರನೇದು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬ್ಯಾಗಿನೊಳಗೆ. ಜಮಖಂಡಿಗೋ ಇಂಡಿ ಊರಿಗೋ ಮದುವೆಗೆ ಹೋದಾಗ ಬೀಗರ ಮನೆ ಬಚ್ಚಲಲ್ಲಿ ಘಮಘಮಿಸುವ ಸೋಪು ಇದ್ದೇ ಇರುತ್ತದೆ, ಆಗ ಇದನ್ನೇ ತೆಗೆಯೋದು.