ಉಸಿರು ನಿಂತಲ್ಲಿ ವಾಕ್ಯ ನಿಂತಿತ್ತು

ನನ್ನ ದೇಹದ ಬಗ್ಗೆ ರಂಗದ ಮೇಲೆ ಹೇಳಬೇಕು ಅಂತ ಮೊದಲ ಸಲ ಬರೆದ ಪುಟಗಳು ಇನ್ನೂ ನನ್ನ ಹತ್ತಿರ ಇವೆ. ಒಟ್ಟು 11 ಪುಟ. ಯಾವ ವಾಕ್ಯವೂ ಆರೇಳು ಪದ ದಾಟಿಲ್ಲ. ಅದು ನನ್ನ ಶೈಲಿ ಅಂತ ತುಂಬಾ ದಿನ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದೆಲ್ಲ ಬೈಂಡರ್‌ನ ಕೆಲಸ.

ನಾನು ಟ್ರಾನ್ಸ್ ಪುರುಷ, ಹುಟ್ಟಿದಾಗ ಹೆಣ್ಣು ಅಂದಿದ್ದರು, ನಾನು ಗಂಡು. ಎದೆ ಚಪ್ಪಟೆಯಾಗಿ ಕಾಣಲಿ ಅಂತ ನಮ್ಮಲ್ಲಿ ಅನೇಕರು ಹಾಕಿಕೊಳ್ಳುವ ಬಿಗಿ ಒಳಉಡುಪೇ ಬೈಂಡರ್. ಉಸಿರು ಎಳೆದಾಗ ಎದೆಗೂ ಹೊಟ್ಟೆಗೂ ನಡುವಿನ ವಪೆ ಕೆಳಗಿಳಿಯಬೇಕು, ಪಕ್ಕೆಲುಬುಗಳು ಅಗಲವಾಗಬೇಕು. ಬೈಂಡರ್ ಆ ಅಗಲಕ್ಕೆ ಜಾಗ ಕೊಡುವುದಿಲ್ಲ. ನಾನೋ ಜೋರಾಗಿ ಓದಿಕೊಳ್ಳುತ್ತಾ ಬರೆಯುವವನು. ಉಸಿರು ಮುಗಿದಲ್ಲೆಲ್ಲ ಪೂರ್ಣವಿರಾಮ ಇಡುತ್ತಾ ಹೋಗಿದ್ದೆ.

ತಾಲೀಮಿಗೂ ಅದನ್ನೇ ಹಾಕಿಕೊಂಡು ಹೋಗುತ್ತಿದ್ದೆ. ಅದು ತಪ್ಪು. ದಿನಕ್ಕೆ 8 ಗಂಟೆಗಿಂತ ಜಾಸ್ತಿ ಹಾಕಬಾರದು, ಹಾಕಿಕೊಂಡು ಮಲಗಬಾರದು, ಮೈ ದಣಿಸುವ ಕೆಲಸ ಮಾಡಬಾರದು ಅಂತ ಎಲ್ಲರೂ ಹೇಳುತ್ತಾರೆ. ನನಗೂ ಗೊತ್ತಿತ್ತು. ಆದರೂ ಒಂದು ದಿನ ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಕಣ್ಣು ಕತ್ತಲೆ ಬಂತು, ಪಕ್ಕೆ ಹಿಡಿದುಕೊಂಡು ಕೂತೆ. ಅವತ್ತಿನಿಂದ ತಾಲೀಮಿಗೆ ಎರಡು ಸೈಜು ದೊಡ್ಡ ಅಂಗಿ, ಒಳಗೆ ಏನೂ ಇಲ್ಲ. ನನ್ನ ಜೊತೆಗಿದ್ದವರ ಮುಂದೆ ಹಾಗೆ ನಿಲ್ಲುವುದಕ್ಕೆ ಎರಡು ವಾರ ಬೇಕಾಯಿತು. ರಂಗದ ಮೇಲೆ ನಿಲ್ಲುವುದಕ್ಕಿಂತ ಅದೇ ಕಷ್ಟವಾಗಿತ್ತು.

ನಾವು ನಾಲ್ಕು ಜನ. ಒಬ್ಬೊಬ್ಬರಿಗೆ 15 ನಿಮಿಷ. ನಮ್ಮಲ್ಲಿ ಹಿರಿಯರೊಬ್ಬರು ಗೇ ಪುರುಷ, ಎಲ್ಲರಿಗೂ ಅಣ್ಣ. ಅವರ ಕಥೆ ಶುರುವಾಗುವುದು 1990ರ ಮೇ 17ರಿಂದ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಿಂದ ಸಲಿಂಗಕಾಮವನ್ನು ಕೈಬಿಟ್ಟ ದಿನ ಅದು. "ಹಿಂದಿನ ರಾತ್ರಿ ಮಲಗುವಾಗ ನನ್ನ ಮೈ ರೋಗದ ಮೈ. ಬೆಳಿಗ್ಗೆ ಎದ್ದಾಗ ಅಲ್ಲ. ನನಗೆ ಮಾತ್ರ ಯಾರೂ ಹೇಳಲೇ ಇಲ್ಲ" ಅನ್ನುತ್ತಾರೆ. ಆಮೇಲೆ ಸುಮ್ನೆ ತಮ್ಮ ಅಂಗೈ ನೋಡಿಕೊಳ್ಳುತ್ತಾರೆ. ಟ್ರಾನ್ಸ್ ಜನರನ್ನು ಮಾನಸಿಕ ಕಾಯಿಲೆಯ ಅಧ್ಯಾಯದಿಂದ ಹೊರಗಿಟ್ಟ ಅದೇ ಸಂಸ್ಥೆಯ ಹೊಸ ಪಟ್ಟಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಅಣ್ಣನ ಆ ದಿನಕ್ಕೂ ನನ್ನ ದಿನಕ್ಕೂ ನಡುವೆ 30 ವರ್ಷಕ್ಕೂ ಮೀರಿದ ಅಂತರ. ಅದಕ್ಕೇ ಅವರ ನಂತರ ನನ್ನ ಸರದಿ ಇಟ್ಟುಕೊಂಡೆವು.

ಏನು ಹೇಳಬೇಕು ಅನ್ನುವುದಕ್ಕಿಂತ ಏನು ಹೇಳಬಾರದು ಅಂತ ತೀರ್ಮಾನಿಸುವುದಕ್ಕೇ ಜಾಸ್ತಿ ಸಮಯ ಹಿಡಿಯಿತು. ಬರೆದ ಪ್ರತಿ ಭಾಗವನ್ನೂ ಒಂದು ವಾರದಲ್ಲಿ ಮೂರು ಸಲ, ನಂಬುವ ಒಬ್ಬರ ಮುಂದೆ ಹೇಳುತ್ತಿದ್ದೆ. ಮೂರನೇ ಸಲವೂ ರಾತ್ರಿ ನಿದ್ದೆ ಕೆಟ್ಟರೆ ಆ ಭಾಗ ಪಕ್ಕಕ್ಕೆ. ಹಾಗೆ ಪಕ್ಕಕ್ಕಿಟ್ಟ ಎರಡು ಪುಟ ಇವತ್ತಿಗೂ ಹೊರಗೆ ಬಂದಿಲ್ಲ. ಅಮ್ಮ ಬರುವ ಭಾಗವನ್ನು ಅಮ್ಮನಿಗೇ ಓದಿ ಹೇಳಿದೆ. ಕೇಳಿ ತುಂಬಾ ಹೊತ್ತು ಸುಮ್ಮನಿದ್ದರು. "ಅತ್ತಿದ್ದು ಇರಲಿ ಕಣೋ. ಕನ್ನಡಿ ಮುಚ್ಚಿದ್ದು ಬೇಡ" ಅಂದರು. ತೆಗೆದೆ. ಅದು ನನ್ನ ಕಥೆಯ ತುಂಬಾ ಒಳ್ಳೆಯ ಸಾಲಾಗಿತ್ತು. ಆದರೆ ಅವರು "ಕಣೋ" ಅಂದಿದ್ದರು, ಮೊದಲ ಸಲ.

ಮೊದಲ ಪ್ರದರ್ಶನದ ಹೊತ್ತಿಗೆ ಟೆಸ್ಟೋಸ್ಟೆರಾನ್ ಅನ್ನುವ ಗಂಡು ಹಾರ್ಮೋನ್ ಶುರುವಾಗಿ ಐದು ತಿಂಗಳು. ಅದು ಗಂಟಲಿನ ಧ್ವನಿತಂತುಗಳನ್ನು ದಪ್ಪ ಮಾಡುತ್ತದೆ, ಧ್ವನಿ ಇಳಿಯುತ್ತದೆ. ಆದರೆ ಒಂದೇ ದಿನಕ್ಕೆ ಇಳಿದು ನಿಲ್ಲುವುದಿಲ್ಲ. ಸೋಮವಾರ ಸಿಕ್ಕ ಸ್ವರ ಶುಕ್ರವಾರ ಸಿಗುತ್ತಿರಲಿಲ್ಲ. ವಾಕ್ಯದ ಮಧ್ಯದಲ್ಲೇ ಒಡೆಯುತ್ತಿತ್ತು. ಬೇಕಂತಲೇ ದಪ್ಪ ಧ್ವನಿ ತೆಗೆಯಲು ಹೋಗಿ ಎರಡು ದಿನ ಮಾತೇ ಹೊರಡಲಿಲ್ಲ. ನಮ್ಮ ಜೊತೆಗಿದ್ದ ಅಕ್ಕ, ಅವರು ಟ್ರಾನ್ಸ್ ಮಹಿಳೆ, ಆಗ ಬಿಸಿನೀರು ಕೊಟ್ಟು ಪಕ್ಕದಲ್ಲಿ ಕೂತರು. "ನಿನಗೆ ಔಷಧಿಯೇ ಧ್ವನಿ ಕೊಡುತ್ತೆ ಕಣಪ್ಪ, ಕಾಯಬೇಕು ಅಷ್ಟೇ" ಅಂದರು. ಅವರು ತೆಗೆದುಕೊಳ್ಳುವ ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ಒಮ್ಮೆ ಇಳಿದ ಧ್ವನಿಯನ್ನು ಮೇಲೆತ್ತುವುದಿಲ್ಲ. ಅವರ ಈಗಿನ ಧ್ವನಿ ಪೂರ್ತಿ ಅಭ್ಯಾಸದಿಂದ ಬಂದದ್ದು, ದಿನಾ ಬೆಳಿಗ್ಗೆ ಕೂತು ಮಾಡಿದ ಅಭ್ಯಾಸ. ಅದನ್ನು ಕೇಳಿದ ಮೇಲೆ ನಾನು ಧ್ವನಿಯ ಜೊತೆ ಜಗಳ ಬಿಟ್ಟೆ. ಒಡೆದಲ್ಲಿ ನಿಲ್ಲುತ್ತಿದ್ದೆ, ನೀರು ಕುಡಿಯುತ್ತಿದ್ದೆ, ಮುಂದುವರಿಸುತ್ತಿದ್ದೆ. ಮೈಕ್ ಹತ್ತಿರ ಇಟ್ಟುಕೊಂಡರೆ ಮೆಲ್ಲಗೆ ಆಡಿದ ಮಾತೂ ಸಾಕಾಗುತ್ತದೆ.

ಎದೆಯ ಆಪರೇಷನ್ ಆದದ್ದು ಆಮೇಲೆ. ವಾರಗಟ್ಟಲೆ ಕೈ ತಲೆಯ ಮೇಲೆ ಎತ್ತುವ ಹಾಗಿರಲಿಲ್ಲ. ಚೇತರಿಸಿಕೊಂಡು ಮತ್ತೆ ರಂಗಕ್ಕೆ ಬಂದಾಗ ಒಂದು ಪ್ರದರ್ಶನದಲ್ಲಿ ಅಂಗಿ ಬಿಚ್ಚಿ ಕಲೆ ತೋರಿಸಿದೆ. ಜನ ಅದನ್ನೇ ಕಾಯುತ್ತಿದ್ದಾರೆ ಅನ್ನಿಸಿತ್ತು. ಕಾಯುತ್ತಿದ್ದರು ಕೂಡ. ಆದರೆ ಅಂಗಿ ಬಿಚ್ಚಿದ ಮೇಲೆ ಆಡಿದ ಒಂದು ಮಾತೂ ಯಾರಿಗೂ ತಲುಪಲಿಲ್ಲ. ಪ್ರದರ್ಶನ ಮುಗಿದ ಮೇಲೆ ಬಂದ ಪ್ರಶ್ನೆಗಳೆಲ್ಲ ಹೊಲಿಗೆಯ ಬಗ್ಗೆ, ಇಲ್ಲ ಸೊಂಟದ ಕೆಳಗಿನದರ ಬಗ್ಗೆ. ಬೇರೆ ಕಲಾವಿದರು ಬಿಚ್ಚುತ್ತಾರೆ, ಅವರಿಗೆ ಅದು ಬಿಡುಗಡೆ, ನಾನು ಮನಸಾರೆ ಚಪ್ಪಾಳೆ ಹೊಡೆಯುತ್ತೇನೆ. ನನ್ನ ಕಥೆ ಇದ್ದದ್ದು ಉಸಿರಿನಲ್ಲಿ. ಅದು ಅಂಗಿಯೊಳಗಿಂದಲೇ ಕೇಳಿಸುತ್ತದೆ. ಅಲ್ಲಿಂದ ಮುಂದೆ ಅಂಗಿ ಬಿಚ್ಚಿಲ್ಲ.

ಹಳೆಯ ಪುಟಗಳು ತೊಡಕಾದದ್ದೂ ಆಗಲೇ. ಎದೆ ಪೂರ್ತಿ ಅರಳುತ್ತಿತ್ತು, ವಾಕ್ಯಗಳು ಮಾತ್ರ ಆರು ಪದಕ್ಕೇ ನಿಲ್ಲುತ್ತಿದ್ದವು. ಉಸಿರು ಉಳಿದುಹೋಗುತ್ತಿತ್ತು. ಎಲ್ಲವನ್ನೂ ಉದ್ದ ಮಾಡಿ ಬರೆದು ನೋಡಿದೆ, ಸುಳ್ಳು ಅನ್ನಿಸಿತು. ಆ ದಿನಗಳಲ್ಲಿ ನಾನು ಹಾಗೆ ಮಾತಾಡಿದವನೇ ಅಲ್ಲ, ಅಲ್ವಾ? ಕೊನೆಗೆ ಮೊದಲ ಒಂಬತ್ತು ಪುಟ ಇದ್ದ ಹಾಗೇ ಬಿಟ್ಟೆ. ಅವುಗಳನ್ನು ಹೇಳುವಾಗ ಈಗಲೂ ಮೇಲಿನ ಉಸಿರಲ್ಲೇ ಹೇಳುತ್ತೇನೆ. ಕೊನೆಯ ಎರಡು ಪುಟ ತೆಗೆದು ಅಲ್ಲಿ ಒಂದೇ ಒಂದು ವಾಕ್ಯ ಇಟ್ಟೆ.

ಬ್ಯಾಂಡೇಜ್ ಬಿಚ್ಚಿದ ಮಧ್ಯಾಹ್ನ ಕಿಟಕಿ ಹತ್ತಿರ ಕೂತಿದ್ದು, ಅಮ್ಮ ಬೆನ್ನಿಗೆ ದಿಂಬು ಕೊಟ್ಟಿದ್ದು, ಹೊರಗಿನ ಗಾಳಿ ತೆಳು ಅಂಗಿಯೊಳಗೆ ನುಗ್ಗಿ ನೇರ ಎದೆಗೆ ತಾಗಿದ್ದು, ಎಲ್ಲ ಅದರಲ್ಲೇ ಇದೆ. ಮಧ್ಯೆ ಎಲ್ಲೂ ಉಸಿರು ತೆಗೆದುಕೊಳ್ಳುವುದಿಲ್ಲ. ಅದಕ್ಕೂ ಮೊದಲು ಮೈಕ್‌ನಿಂದ ಒಂದು ಹೆಜ್ಜೆ ಹಿಂದೆ ಸರಿದು, ಎಲ್ಲರಿಗೂ ಕೇಳುವ ಹಾಗೆ, ಹೊಟ್ಟೆಯ ತಳದವರೆಗೆ ಗಾಳಿ ತುಂಬಿಕೊಳ್ಳುತ್ತೇನೆ.