ಮೊದಲ ಚೆಕಪ್‌ಗೆ ಮೂರು ತಿಂಗಳು ಕಾಯಬೇಡಿ

ಪ್ರೆಗ್ನೆನ್ಸಿ ಟೆಸ್ಟ್‌ನಲ್ಲಿ ಎರಡು ಗೆರೆ ಬಂತಾ? ಬೇಗ ಡಾಕ್ಟರ್ ಹತ್ತಿರ ಹೋಗಿ. ‘ಮೂರು ತಿಂಗಳು ತುಂಬಲಿ’ ಅಂತ ಕಾದು ನಾವು ಫೋಲಿಕ್ ಆಸಿಡ್ ಮಾತ್ರೆಯನ್ನೇ ತಡವಾಗಿ ಶುರು ಮಾಡಿದೆವು. 12 ವಾರದೊಳಗೆ ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡ್ (ಗರ್ಭಿಣಿಯ ತಪಾಸಣೆ ವಿವರ ಬರೆಯುವ ಸರ್ಕಾರಿ ಕಾರ್ಡ್) ಮಾಡಿಸಿ. ಖಾಸಗಿಯಲ್ಲಿ ತೋರಿಸಿದರೂ ಅದು ಇರಲಿ.

ದಾವಣಗೆರೆಯಲ್ಲಿ ಆಸ್ಪತ್ರೆಗಳಿಗೇನು ಬರವಿಲ್ಲ, ಬೋರ್ಡ್ ನೋಡಿ ಸುಮ್ನೆ ಒಳಗೆ ಹೋಗಬೇಡಿ. ರಾತ್ರಿ ಎರಡು ಗಂಟೆಗೆ ನೋವು ಬಂದರೆ ಯಾರು ನೋಡುತ್ತಾರೆ? ಅರಿವಳಿಕೆ ಡಾಕ್ಟರ್ ಸಿಗುತ್ತಾರಾ? ರಕ್ತ ಎಲ್ಲಿಂದ ತರಬೇಕು? ಮೊದಲೇ ಕೇಳಿ. ಮುಖ ಸಿಂಡರಿಸಿದರೆ ಬೇರೆ ಕಡೆ ನೋಡಿ, ನಾವು ಹಾಗೇ ಒಂದು ಕಡೆಯಿಂದ ಎದ್ದು ಬಂದೆವು.

ಚೊಚ್ಚಲ ಹೆರಿಗೆ ತವರಲ್ಲೇ ಅಲ್ವಾ? ಹಾಗಾದರೆ ಅಲ್ಲಿನ ಡಾಕ್ಟರ್‌ಗೂ ಮುಂಚೆಯೇ ಒಮ್ಮೆ ತೋರಿಸಿ. ಸ್ಕ್ಯಾನ್ ರಿಪೋರ್ಟ್ ಎಲ್ಲಾ ಒಂದೇ ಫೈಲ್‌ನಲ್ಲಿರಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಪ್ರತಿ ತಿಂಗಳು 9ನೇ ತಾರೀಖು ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. ರಶ್ ಜಾಸ್ತಿ, ಬೆಳಗ್ಗೆಯೇ ಹೋಗಿ.